ಗುಡ್ಡದ ಮೇಲೆ ಎಳೆದ ಗೆರೆ

ನಕ್ಷೆಯ ಪ್ರಕಾರ ಮುಂಬೈ ಹೊರವಲಯದ ದಿವಾದಲ್ಲಿರುವ ನಮ್ಮ ಮನೆಯಿಂದ ಐರೋಲಿಯಲ್ಲಿರುವ ನನ್ನ ಹೆಂಡತಿಯ ಆಫೀಸಿಗೆ ಆರು ಕಿಲೋಮೀಟರ್. ಫೋನಿನಲ್ಲಿ ಮನೆಯ ಮೇಲೆ ಬೆರಳೊತ್ತಿ, ದೂರ ಅಳೆಯುವುದನ್ನು ಆರಿಸಿ, ಆಫೀಸಿನ ತನಕ ಸರಿಸಿದರೆ ನೇರ ಗೆರೆಯೊಂದು ಮೂಡುತ್ತದೆ. ನಡುವೆ ಮುಂಬ್ರಾ ಗುಡ್ಡವಿದೆ. ಗೆರೆಗೆ ಅದರ ಪರಿವೆಯಿಲ್ಲ.

ಅವಳು ಮಾತ್ರ ರೈಲಿನಲ್ಲಿ ಥಾಣೆಗೆ ಹೋಗಿ, ಗಾಡಿ ಬದಲಿಸಿ, ಗುಡ್ಡ ಸುತ್ತಬೇಕಿತ್ತು. ಬೆಳಗಿನ ಲೋಕಲ್ ಕಲ್ಯಾಣದಿಂದಲೇ ತುಂಬಿ ಬರುವುದರಿಂದ ದಿವಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಇಲ್ಲಿಯ ಎಷ್ಟೋ ಮಂದಿಯ ಹಾಗೆ ಅವಳೂ ಮೊದಲು ಉಲ್ಟಾ ದಿಕ್ಕಿಗೆ ಡೊಂಬಿವ್ಲಿಗೆ ಹೋಗಿ, ಅದೇ ಗಾಡಿ ಮರಳುವಾಗ ಅದರಲ್ಲೇ ಕೂತು ಬರುತ್ತಿದ್ದಳು. ಮನೆ ಬಿಟ್ಟು ಮುಕ್ಕಾಲು ಗಂಟೆಗೆ, ಹಳಿಗೆ ಎದುರಾದ ನಮ್ಮ ಬಾಲ್ಕನಿಯ ಮುಂದೆಯೇ ಹಾದುಹೋಗುತ್ತಿದ್ದಳು. ಆಗ ನಾನು ಎರಡನೆಯ ಚಹಾ ಕುಡಿಯುತ್ತಿದ್ದೆ. ನನ್ನ ಆಫೀಸು ಗುಡ್ಡದ ಈಚೆಯ ಕಲ್ಯಾಣದಲ್ಲಿ, ಅವಸರವಿಲ್ಲ.

ನಾಲ್ಕು ವರ್ಷ ಹೀಗೇ ನಡೆಯಿತು. ಒಂದು ಶುಕ್ರವಾರ ಸಂಜೆ ಅವಳು ಚಪ್ಪಲಿ ಬಿಡುತ್ತಲೇ ಹೇಳಿದಳು, "ರಾಜೀನಾಮೆ ಬರದಿಟ್ಟೀನ್ರಿ. ಸೋಮವಾರ ಕೊಡ್ತೀನಿ. ಇಲ್ಲಾ ಐರೋಲ್ಯಾಗ ಬಾಡಿಗಿ ಮನಿ ನೋಡ್ರಿ."

"ಈ ಮನಿ ಆರಿಸಿದಾಕಿ ನೀನ ಅಲ್ಲೇನು? ಬಾಲ್ಕನಿ ನೋಡಿ ಕುಣದಾಡಿದ್ದಿ."

"ಬಾಲ್ಕನಿ ಚಲೋ ಅದ ಅಂದಿದ್ದೆ. ಆಫೀಸ್ ಹತ್ರ ಅದ ಅಂದವ್ರು ನೀವು. ಗೆರಿ ಎಳದು ತೋರಿಸಿದ್ರಿ."

"ನಾನಾ? ಅಷ್ಟು ದಡ್ಡ ಅಲ್ಲ ನಾ."

"ಎಂ.ಎ. ಮಾಡೀರಲ್ಲ, ಪುರಾವೆ ಹುಡುಕ್ರಿ. ನನಗ ಕುಕ್ಕರ್ ಇಡೂದದ."

ಹುಡುಕಲು ಕೂತೆ. ಯಾರ ಮಾತನ್ನೂ ಪುರಾವೆಯಿಲ್ಲದೆ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ನೆನಪಿಗೆ ಮಾತ್ರ ಯಾವತ್ತೂ ಪುರಾವೆ ಕೇಳಿರಲಿಲ್ಲ. ಬಾಲ್ಕನಿಯ ಗಾಳಿ, ಅವಳ ಹಸಿರು ದುಪಟ್ಟಾ, "ಇದ ಇರಲಿ" ಎಂಬ ಅವಳ ಮಾತು, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು.

ಹಳೆಯ ಮೇಲ್‌ಗಳ ನಡುವೆ ಅದು ಸಿಕ್ಕಿತು. ನಾನೇ ಅವಳಿಗೆ ಕಳಿಸಿದ ನಕ್ಷೆಯ ಚಿತ್ರ, ದಿವಾದಿಂದ ಐರೋಲಿಗೆ ಗೆರೆ. ಕೆಳಗೆ ನನ್ನದೇ ಮಾತು: 'ಬರೀ ಆರು ಕಿಲೋಮೀಟರ್. ಗುಡ್ಡದೊಳಗೆ ಸುರಂಗ ಆದರೆ ಹತ್ತು ನಿಮಿಷ.' ಆ ದಿನದ ಫೋಟೋ ಕೂಡ ಇತ್ತು. ಬಾಲ್ಕನಿಯಲ್ಲಿ ಕೈ ಚಾಚಿ ನಗುತ್ತಿದ್ದವನು ನಾನು. ಫೋಟೋ ತೆಗೆದವಳು ಅವಳಿರಬೇಕು. ಆ ಗೆರೆ ಎಳೆದ ನೆನಪು ನನಗೆ ಈಗಲೂ ಇಲ್ಲ.

ಅಡುಗೆಮನೆಗೆ ಹೋಗಿ ಫೋನು ಚಾಚಿದೆ. ಅವಳು ತಿರುಗಿ ನೋಡಲಿಲ್ಲ.

"ನನಗೇನ್ ತೋರಿಸ್ತೀರಿ? ನಾನು ನೋಡಿದ್ದ ಅದು. ಮನಿ ನೋಡಾಕ ಯಾವಾಗ ಹೋಗೂದು?"

ಮನೆ ಬದಲಿಸಿದರೆ ಕಲ್ಯಾಣಕ್ಕೆ ಹೋಗಲು ಗುಡ್ಡ ಸುತ್ತಬೇಕಾದವನು ನಾನು. ಇಷ್ಟು ಹೊತ್ತು ವಾದಿಸಿದ್ದು ಬಹುಶಃ ಅದಕ್ಕೇ.

"ರವಿವಾರ," ಎಂದೆ.

ಐರೋಲಿ ಸ್ಟೇಷನ್ನಿನ ಹೊರಗೆ ಮನೆಯ ಏಜೆಂಟ್, "ಬಸ್ ಪಾಂಚ್ ಮಿನಿಟ್, ಭಾಭೀಜಿ" ಎಂದ, ಮನೆಗೆ ಬರೀ ಐದು ನಿಮಿಷದ ದಾರಿಯಂತೆ. ನನ್ನ ಕೈ ಫೋನಿನತ್ತ ಹೋಯಿತು.

"ಕಿಸೆದಾಗ ಇಡ್ರಿ ಅದನ್ನ," ಎಂದಳು. "ನಡದ ನೋಡೂಣು."

ಹದಿನಾಲ್ಕು ನಿಮಿಷ ನಡೆದೆವೆಂದು ನನ್ನ ನೆನಪು. ಹತ್ತು ಎನ್ನುತ್ತಾಳೆ ಅವಳು. ನೆಲಮಹಡಿ, ಬಾಲ್ಕನಿಯಿಲ್ಲ. ಆ ಮನೆಯನ್ನೇ ಹಿಡಿದೆವು. ಸೋಮವಾರ ಅವಳು ರಾಜೀನಾಮೆ ಕೊಡಲಿಲ್ಲ.

ಈಗ ಬೆಳಿಗ್ಗೆ ನನ್ನ ಗಾಡಿ ದಿವಾ ದಾಟುವಾಗ ಹಳೆಯ ಬಾಲ್ಕನಿ ಕಾಣುತ್ತದೆ, ಬಾಡಿಗೆಯವರ ಬಟ್ಟೆ ಒಣಗುತ್ತಿರುತ್ತದೆ. ಆ ಹೊತ್ತಿಗೆ ಅವಳು ಎರಡನೆಯ ಚಹಾ ಕುಡಿಯುತ್ತಿರುತ್ತಾಳೆ.