ಜಗಳೂರು ಮುಟ್ಟದ ಬೈಗುಳ

ನನ್ನ ತವರು ಜಗಳೂರು, ಕೊಟ್ಟಿದ್ದು ಸಾಸ್ವೆಹಳ್ಳಿಗೆ. ಮದುವೆಯಾಗಿ ಬಂದಾಗಿನಿಂದಲೂ ನಮ್ಮತ್ತೆಯ ಬೈಗುಳ ಎಲ್ಲಿಂದ ಶುರುವಾದರೂ ಬಂದು ನಿಲ್ಲುತ್ತಿದ್ದುದು ನನ್ನ ತವರಿನಲ್ಲೇ. ಸಾರಿಗೆ ಉಪ್ಪು ಹೆಚ್ಚಾಗಲಿ, ಹಾಲು ಉಕ್ಕಲಿ, ಕೊನೆಗೆ ಅದೇ ಮಾತು: "ಜಗಳೂರಾಗೆ ನಿಮ್ಮವ್ವ ಇದನ್ನೇ ಕಲಿಸಿದ್ಳೇನು?" ನನಗೆ ಮೈಯೆಲ್ಲ ಉರಿಯುತ್ತಿತ್ತು. ತಿರುಗಿ ಅಂದದ್ದೂ ಉಂಟು.

ಈಚೆಗೆ ಆ ಬೈಗುಳ ಜಗಳೂರು ಮುಟ್ಟದಾಯಿತು. ಅಡಿಕೆ ಬೇಯಿಸುವ ಒಲೆಯ ಮುಂದೆ ವರ್ಷಗಟ್ಟಲೆ ಕೂತು ಹೊಗೆ ಕುಡಿದ ಎದೆ ಅವರದು. "ಏನೇ, ಹಾಲು..." ಎನ್ನುವಷ್ಟರಲ್ಲಿ ಏದುಸಿರು ಬಂದು ಕೈಯಾಡಿಸಿ ಸುಮ್ಮನಾಗುತ್ತಿದ್ದರು. ಆಮೇಲಾಮೇಲೆ ಶುರು ಮಾಡುವುದನ್ನೇ ಬಿಟ್ಟರು. ಮನೆ ಬಿಕೋ ಅನ್ನತೊಡಗಿತು. ಒಂದು ದಿನ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ಅವರು ನೋಡಿಯೂ ತುಟಿ ಬಿಚ್ಚಲಿಲ್ಲ. ನಾನು ಒಲೆ ಒರೆಸುತ್ತಾ ಅತ್ತುಬಿಟ್ಟೆ. ಈ ಹೆಂಗಸು ಇನ್ನು ಮಾತೇ ಆಡುವುದಿಲ್ಲವೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಪಕ್ಕದ ಮನೆಯಾಕೆ ಚನ್ನಗಿರಿಯ ಮಗಳ ಮನೆಯಲ್ಲಿದ್ದಾಗ ಪ್ರಾಣಾಯಾಮ ಕಲಿತು ಬಂದಿದ್ದರು. ಅದರಿಂದ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತಂತೆ. "ಉಸಿರು ಪೂರ್ತಿ ಎಳಕೊಳ್ರಿ, ಹಂಗೇ ಹಿಡಕೊಳ್ರಿ," ಎಂದು ನಮ್ಮತ್ತೆಯನ್ನು ಕೂರಿಸಿದರು. ಅತ್ತೆ ಹಿಡಿದರು ಪಾಪ, ಹಟಮಾರಿ ಬೇರೆ. ತುಟಿ ನೀಲಿಗಟ್ಟಿ, ಕಣ್ಣು ಕತ್ತಲೆ ಬಂದು ನನ್ನ ತೋಳಿಗೆ ಒರಗಿದರು. "ನಿಮಗೆ ಹಿಡಿಸಿದ್ದು ಇವ್ರಿಗೂ ಹಿಡಿಸ್ಬೇಕಾ? ಇವ್ರ ಎದೆ ಬ್ಯಾರೆ ಐತೆ ಕಣ್ರೀ!" ಎಂದು ನಾನು ರೇಗಿದೆ. ಆಕೆ ನಾಲ್ಕಾರು ದಿನ ನಮ್ಮ ಕಡೆ ಮುಖ ಹಾಕಲಿಲ್ಲ.

ಹೊನ್ನಾಳಿಯ ಡಾಕ್ಟರು ಉಸಿರಿನ ಜೊತೆ ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟು, ಉಸಿರಿನ ವ್ಯಾಯಾಮ ಹೇಳಿಕೊಡುವ ಹುಡುಗಿಯ ಹತ್ತಿರ ಕಳಿಸಿದರು. ಆ ಹುಡುಗಿ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ಉಸಿರಿನ ಏರಿಳಿತ ನೋಡಿದಳು. "ಅಜ್ಜಿ, ನಿಮ್ಗೆ ಒಳಗಿನ ಹಳೇ ಗಾಳಿನೇ ಹೊರಗೆ ಹೋಗ್ತಿಲ್ಲ. ಅದು ಹೋಗ್ದೆ ಹೊಸದು ಹೆಂಗೆ ತುಂಬ್ತೀರಿ? ಹಿಡೀಬ್ಯಾಡ್ರಿ, ಬಿಡಾಕೆ ಕಲೀರಿ." ಉಸಿರೆಂದರೆ ಎಳೆದುಕೊಳ್ಳುವುದು ಅಂದುಕೊಂಡಿದ್ದ ನನ್ನ ತಲೆಯಲ್ಲಿ ಆ ಮಾತು ಇವತ್ತಿಗೂ ಕೂತಿದೆ. ಆಮೇಲೆ ಅವಳು ಮನೆಯಲ್ಲಿ ದೀಪ ಹಚ್ಚಿಟ್ಟುಕೊಂಡು ಅದರ ಕುಡಿ ಬಾಗುವಷ್ಟು ಮೆಲ್ಲಗೆ ಊದಬೇಕು ಎಂದಳು.

ಅತ್ತೆ ಸಟ್ಟನೆ ಎದ್ದರು. "ದೀಪಕ್ಕೆ... ಬಾಯಿ ಹಚ್ಚೋದಾ? ಶಿವ ಶಿವಾ! ಉಸಿರು... ಹೋದ್ರೆ ಹೋಗ್ಲಿ."

ನಮ್ಮಲ್ಲಿ ದೀಪವನ್ನು ಬಾಯಿಂದ ಊದುವುದಿಲ್ಲ. ಬತ್ತಿಯನ್ನು ಎಣ್ಣೆಗೆ ಎಳೆದು ಶಾಂತ ಮಾಡುವುದು ರೂಢಿ. ಜೀವದ ವಿಷಯ, ಹಟ ಮಾಡಬೇಡಿ ಎಂದು ನಾನು ಅಂಗಲಾಚಿದರೆ ಮುಖ ತಿರುಗಿಸಿಕೊಂಡರು. ಹುಡುಗಿ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ.

"ದೀಪ ಬ್ಯಾಡ ಬಿಡ್ರಿ ಅಜ್ಜಿ. ಚಹಾ ಹೆಂಗೆ ಕುಡೀತೀರಿ?"

"ಕಪ್ಪಿಂದ ಬಸ್ಯಾಗೆ ಹಾಕ್ಕೊಂಡು."

"ಊದ್ತೀರೋ ಇಲ್ವೋ?"

ಅತ್ತೆ ಮತ್ತೆ ಕೂತರು. ಮೂಗಿನಿಂದ ಎಳೆದುಕೊಂಡು, ತುಟಿ ಚೂಪು ಮಾಡಿ, ಬಸಿಯಲ್ಲಿನ ಚಹಾದ ಕೆನೆ ಆಚೆ ಅಂಚಿಗೆ ಸರಿಯುವಷ್ಟು ಮಾತ್ರ ಊದಬೇಕು, ಚಹಾ ತುಳುಕಬಾರದು ಎಂದು ಹುಡುಗಿ ತೋರಿಸಿಕೊಟ್ಟಳು.

ಅಂದಿನಿಂದ ನಮ್ಮ ಮನೆಯಲ್ಲಿ ಚಹಾ ಕುಡಿಯುವುದೇ ಒಂದು ವ್ರತವಾಯಿತು. ಅತ್ತೆ ಕಟ್ಟೆಯ ಮೇಲೆ ಕೂತು ಕೆನೆಯನ್ನು ಆಚೆ ದಡಕ್ಕೆ ಕಳಿಸುತ್ತಿದ್ದರು. ಮೊದಮೊದಲು ಅದು ನಡುವೆಯೇ ನಿಂತು ಹಿಂದಕ್ಕೆ ಬರುತ್ತಿತ್ತು. ಚಹಾ ಆರಿ ತಣ್ಣಗಾಗಿ, ನಾನು ಗೊಣಗುತ್ತಾ ಮತ್ತೆ ಬಿಸಿ ಮಾಡಿ ತರುತ್ತಿದ್ದೆ. ನ್ಯಾಮತಿ ಸಂತೆಯಿಂದ ನನ್ನ ಗಂಡ ಅಗಲವಾದ ಸ್ಟೀಲ್ ಬಸಿ ತಂದುಕೊಟ್ಟರು. ದಿನ ಕಳೆದಂತೆ ಅತ್ತೆ ಬಚ್ಚಲಿಗೆ ಹೋಗಿ ಬರುವಾಗ ಗೋಡೆ ಹಿಡಿಯುವುದು ಎಷ್ಟೋ ಕಡಿಮೆಯಾಯಿತು. ಮಾತು ಮಾತ್ರ ತುಂಡು ತುಂಡೇ.

ಮೊನ್ನೆ ಸಂಜೆ ಕರೆಂಟು ಹೋಗಿತ್ತು. ಅಡುಗೆಮನೆಯಲ್ಲಿ ದೀಪ ಹಚ್ಚಿಕೊಂಡು ರೊಟ್ಟಿ ತಟ್ಟುತ್ತಿದ್ದೆ. ಕರೆಂಟು ಬಂತು. ಕೈಯೆಲ್ಲ ಹಿಟ್ಟು, ಹೆಂಚಿನ ಮೇಲೆ ರೊಟ್ಟಿ. ಅವಸರದಲ್ಲಿ ದೀಪದ ಕಡೆ ಬಗ್ಗಿ ಉಫ್ ಅಂದುಬಿಟ್ಟೆ.

"ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ, ಇಷ್ಟು ವರ್ಷ ಈ ಮನ್ಯಾಗೆ ಬಾಳ್ವೆ ಮಾಡಿ ದೀಪಕ್ಕೆ ಬಾಯಿ ಹಚ್ಚಬಾರದು ಅನ್ನೋದು ಗೊತ್ತಿಲ್ವೇನೇ ನಿಂಗೆ, ಜಗಳೂರಾಗೆ ನಿಮ್ಮವ್ವ ಇದನ್ನೇ ಕಲಿಸಿದ್ಳೇನು!"

ಬಾಗಿಲಲ್ಲಿ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬೈಗುಳ ನಡುವೆ ಎಲ್ಲೂ ನಿಂತಿರಲಿಲ್ಲ. ರೊಟ್ಟಿ ಸೀಯುತ್ತಿತ್ತು, ನನಗೆ ಅಳುವೋ ನಗುವೋ ತಿಳಿಯದಂತಾಯಿತು.

"ಅತ್ತೆ, ಇನ್ನೊಂದ್ಸಲ ಬೈರಿ," ಎಂದೆ.

"ಹುಚ್ಚು ಹಿಡೀತೇನೇ ನಿಂಗೆ?" ಎಂದವರು ಏನೋ ಹೊಳೆದಂತೆ ತಡೆದರು. ಎದೆಯ ಮೇಲೆ ಕೈಯಿಟ್ಟುಕೊಂಡು, ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಂಡು, ಮತ್ತೆ ಮೊದಲಿನಿಂದ ಜಗಳೂರಿನವರೆಗೂ ಬೈದರು.