ಗುರುತಿಗೆ ನೆಟ್ಟ ಬಾಳೆ

ಪಟ್ಟಣದ ರೋಜಾ ಓಣಿಯಲ್ಲಿ ಸಂಜೆ ದೀಪ ಹಚ್ಚಿದರೆ ಸಾಕು, ಅಣವೀರಪ್ಪ ಮಗಳ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದ. "ನಿಮ್ಮವ್ವ ತ್ವಾಟದಿಂದ ಬಂದ್ಳೇನ? ಉಂಡ್ಳೇನ?" ಎಂದು ಮಗಳು ಭಾಗಮ್ಮನನ್ನು ಕೇಳುತ್ತಿದ್ದ. ಅವ್ವ ತೀರಿಕೊಂಡು ಆರು ವರ್ಷ. ಮೊದಮೊದಲು ಭಾಗಮ್ಮ ನಿಜ ಹೇಳಿದಳು. ಅಯ್ಯೋ, ಹೇಳಿದಾಗಲೆಲ್ಲ ಮುದುಕ ಆಗಷ್ಟೇ ಸುದ್ದಿ ಮುಟ್ಟಿದವನ ಹಾಗೆ ಎದೆ ಬಡಿದುಕೊಂಡು ಅಳುವುದು, ಮರುದಿನ ಸಂಜೆ ಮತ್ತೆ ಅದೇ ಪ್ರಶ್ನೆ! ಕಡೆಗೆ ಪಕ್ಕದ ಮನೆಯ ರೋಷನಬಿ ಗದರಿದಳು: "ಅರೇ, ದಿನಾ ಯಾಕ ಸಾಯಿಸ್ತಿ ಆಕಿನ್ನ? ಉಂಡ್ಳು ಅನ್ನು, ಮುಗೀತು." ಅಂದಿನಿಂದ ಅವ್ವ ದಿನಾ ಉಣ್ಣತೊಡಗಿದಳು.

ಇದರಿಂದ ಇನ್ನೊಂದು ಪೇಚು ಹುಟ್ಟಿತು. ನೆನಪು ನೆಟ್ಟಗಿದ್ದಾಗ ಅಪ್ಪ ಮಗಳಿಂದ ಭಾಷೆ ತೆಗೆದುಕೊಂಡಿದ್ದ: "ನನ್ನ ನಮ್ಮೂರಿಗಿ, ಕಮಲಾಪುರಕ್ಕ ಒಯ್ದು ನಿಮ್ಮವ್ವನ ಬಾಜೂಕ ಕೂಡಿಸ್ರಿ." ಅವರಲ್ಲಿ ಸತ್ತವರನ್ನು ಕೈಯಲ್ಲಿ ಲಿಂಗವಿಟ್ಟು ಕೂಡಿಸಿಯೇ ಮಣ್ಣು ಕೊಡುವುದು. ಕೂಡಿಸೋಣ, ಆದರೆ ಎಲ್ಲಿ? ನಲವತ್ತೆಂಟರ ಬೇಸಿಗೆ, ರಜಾಕಾರರ ಗಲಾಟೆಯ ನಡುವೆ ಅವ್ವ ಚಂದಮ್ಮ ಜ್ವರದಿಂದ ಹೋದಳು. ಊರು ಖಾಲಿಯಾಗುತ್ತಿತ್ತು, ಕಲ್ಲು ತರುವ ಪುರುಸೊತ್ತಿರಲಿಲ್ಲ. ಅಣವೀರಪ್ಪನೂ ಮಠದ ಅಯ್ಯನವರೂ ತೋಟದಲ್ಲೇ ಅವಳನ್ನು ಕೂಡಿಸಿ, ಗುರುತಿಗೊಂದು ಕೆಂಪು ಬಾಳೆ ನೆಟ್ಟು, ಸೊಲ್ಲಾಪುರದ ದಾರಿ ಹಿಡಿದರು. ದೂರದಲ್ಲಿದ್ದ ಮಗಳಿಗೆ ಸುದ್ದಿ ಮುಟ್ಟಿದ್ದು ಆಮೇಲೆ. ಬಾಳೆಯಂತೆ, ಬಾಳೆ! ಹುಟ್ಟಿದಾಗಿನಿಂದ ಬಾಳೆ ಬೆಳೆದವನಿಗೆ ಗೊತ್ತಿರಲಿಲ್ಲವೆ, ತಾಯಿಗಿಡ ಗೊನೆ ಕೊಟ್ಟು ಸಾಯುತ್ತದೆ, ಮರಿ ಪಕ್ಕಕ್ಕೆ ಏಳುತ್ತದೆ, ಹೀಗೆ ಗಿಡ ಜಾಗ ಬಿಟ್ಟು ಜರುಗುತ್ತದೆ ಎಂದು? ಪಾಪ, ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಅದೇ.

ಪೊಲೀಸ್ ಆಕ್ಷನ್ ಆಗಿ ಊರಿಗೆ ಮರಳಿದ ಮೇಲೂ "ನಾಳಿ ಕಲ್ಲು ನಿಲ್ಲಸ್ತೀನಿ" ಅನ್ನುತ್ತಲೇ ಅಪ್ಪ ವರ್ಷ ಕಳೆದ. ಅಪ್ಪ ಇದ್ದಾನಲ್ಲ ಎಂದು ಮಗಳೂ ಕೇಳಲಿಲ್ಲ. ಅಯ್ಯನವರು ತೀರಿಕೊಂಡರು. ಈಗ ಜಾಗ ಗೊತ್ತಿರುವುದು ಅಪ್ಪನ ತಲೆಗೊಂದೇ, ಆ ತಲೆಯೋ ದಿನೇ ದಿನೇ ಬರಿದಾಗುತ್ತಿದೆ. ಈಗಷ್ಟೇ ಉಂಡಳು ಎಂದು ಹೇಳಿ, ಅವಳ ಸಮಾಧಿ ಎಲ್ಲಿ ಎಂದು ಯಾವ ಬಾಯಿಂದ ಕೇಳುವುದು? ಚಳಿಗಾಲದ ಒಂದು ಬೆಳಿಗ್ಗೆ ಭಾಗಮ್ಮ ಏನನ್ನೂ ಕೇಳದೆ ಅಪ್ಪನ ಕೈ ಹಿಡಿದು ಕಮಲಾಪುರದ ಬಸ್ಸು ಹತ್ತಿದಳು.

ತೋಟದ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ಅವಳು ಬದುವಿನ ಮೇಲೇ ನಿಂತುಬಿಟ್ಟಳು. ಇದೇ ಬದುವಿನ ಮೇಲೆ ಅಪ್ಪ ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಓಡುತ್ತಿದ್ದ. ಅವ್ವ ಬುತ್ತಿ ಬಿಚ್ಚುತ್ತಾ, "ಬಾಳಿಗೊನಿ ಹೊತ್ತಂಗ ಹೊತ್ತೀದಿ, ಮಗಳ್ನ ಸಂತಿಗಿ ಒಯ್ತೀಯೇನ?" ಎಂದು ನಗುತ್ತಿದ್ದಳು. ಹುಲ್ಲಿನಲ್ಲಿ ಹಣ್ಣಿಗಿಟ್ಟ ಕೆಂಪು ಬಾಳೆಯ ಆ ಘಮ, ಜೋಳದ ರೊಟ್ಟಿ, ಪುಂಡಿಪಲ್ಯ. ಎಂಥ ದಿನಗಳವು! ಎಲ್ಲಿ ಹೋದವು?

ಅಣವೀರಪ್ಪ ಮಾತ್ರ ಪರರ ತೋಟಕ್ಕೆ ಬಂದವನಂತೆ ಅಲೆದ. ಬಾವಿ ಗುರುತು ಸಿಗಲಿಲ್ಲ, ತಾನೇ ಹಾಕಿದ ಬದು ಗುರುತು ಸಿಗಲಿಲ್ಲ. ಭಾಗಮ್ಮ ಆಸೆ ಬಿಟ್ಟಳು. "ನಡಿ ಯಪ್ಪಾ, ಬಸ್ಸಿಗಿ ಹೊತ್ತಾತು," ಎಂದು ತೋಳು ಹಿಡಿದಳು. ಬಾಳೆಯೇ ಇಲ್ಲದ ಒಂದು ತುಂಡು ನೆಲದ ಮುಂದೆ ಅವನು ಗಕ್ಕನೆ ನಿಂತ. ಬಗ್ಗಿ ಚಪ್ಪಲಿ ಬಿಚ್ಚಿದ. ಅವನ್ನು ಕೈಯಲ್ಲಿ ಹಿಡಿದು, ಆ ನೆಲ ತುಳಿಯದೆ ಸುತ್ತು ಹಾಕಿಕೊಂಡು ಹೋದ. ಭಾಗಮ್ಮ ನೇರ ಹೆಜ್ಜೆ ಇಡಹೋದಳು.

"ಏ ತಂಗಿ, ತುಳೀಬ್ಯಾಡ! ನಮ್ಮಾಕಿ ಕುಂತಾಳ ಅಲ್ಲಿ."

ಎತ್ತಿದ ಹೆಜ್ಜೆಯನ್ನು ಅವಳು ಹಿಂದಕ್ಕೆ ತೆಗೆದಳು. ಚಪ್ಪಲಿ ಕಳಚಿಟ್ಟು, ಬದುವಿನಿಂದ ಒಂದು ಕಲ್ಲು ಹೊತ್ತು ತಂದು ಅಲ್ಲಿ ಊರಿದಳು. ಸಿಕ್ಕಿತಲ್ಲ ಎಂಬ ಸಂತೋಷವೂ, ಅಪ್ಪನಿಗೆ ತಾನೀಗ ಯಾರೋ ತಂಗಿಯಾದೆನಲ್ಲ ಎಂಬ ಸಂಕಟವೂ ಒಟ್ಟಿಗೇ ಉಕ್ಕಿದವು. ಕಲ್ಲಿನ ಬಾಜು ಒಬ್ಬರು ಕೂಡುವಷ್ಟು ಜಾಗವನ್ನು ಕೈಯಿಂದಲೇ ಹಸನು ಮಾಡಿದಳು.

"ಭಾಳ ಚೊಲೊ ಮಾಡ್ದಿ," ಎಂದ ಅಣವೀರಪ್ಪ. "ನೀ ಯಾರ ಮಗಳವ್ವ?"

ಭಾಗಮ್ಮ ಕಲ್ಲಿನ ಕಡೆ ಕೈ ತೋರಿಸಿದಳು. "ಆಕಿ ಮಗಳ್ರಿ."

"ಹೌದಾ?" ಮುದುಕನ ಮುಖ ಅರಳಿತು. "ಮತ್ತ, ಉಂಡೀಯೇನವ್ವ?"

ಭಾಗಮ್ಮ ಅಲ್ಲೇ ಕುಸಿದು ಕೂತು ಬಾಯಿ ಬಿಟ್ಟು ಅತ್ತಳು.