ಬೋರಲಿಟ್ಟ ತಟ್ಟೆಗಳ ಸಾಲು

ದಾವಣಗೆರೆಯ ವಿದ್ಯಾರ್ಥಿನಿಲಯಗಳ ಬಗ್ಗೆ ಬರೆಯುವವರು ವಾರ್ಡನ್ನರನ್ನು, ಕಟ್ಟಡ ಕಟ್ಟಿಸಿದವರನ್ನು ನೆನೆಯುತ್ತಾರೆ. ಒಲೆಯ ಮುಂದೆ ನಿಂತವರ ಹೆಸರು ಅಲ್ಲಿ ಬರುವುದಿಲ್ಲ. ವಿನೋಬನಗರದ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೇಳು ವರ್ಷ ಅಡುಗೆ ಮಾಡಿ ಕಳೆದ ತಿಂಗಳು ನಿವೃತ್ತರಾದ ಶ್ರೀಮತಿ ಕರಿಯವ್ವನವರಿಗೆ ಹಳೆಯ ವಿದ್ಯಾರ್ಥಿನಿಯರು ಈ ಅಭಿನಂದನ ಸಂಪುಟ ತರುತ್ತಿರುವುದು ಆ ಕಾರಣಕ್ಕೇ ಸರಿಯಾದ ಕೆಲಸ. ಅವರು ನನ್ನ ತಾಯಿ. ಅದೇ ಹಾಸ್ಟೆಲಿನಲ್ಲಿ ಐದು ವರ್ಷ ಅವರ ಕೈಯೂಟ ಉಂಡವಳು ನಾನು.

ಹರಿಹರ ತಾಲ್ಲೂಕಿನ ಕೊಕ್ಕನೂರಿನಿಂದ ಬಂದ ಅವ್ವನಿಗೆ ಓದು ಬರಹ ಅಷ್ಟಕ್ಕಷ್ಟೆ. ಹಾಜರಿ ಪುಸ್ತಕ ಅವರ ಕೆಲಸವೂ ಅಲ್ಲ. ಅವರು ನೋಡುತ್ತಿದ್ದದ್ದು ತಟ್ಟೆಗಳನ್ನು. ಎಂಬತ್ತು ಹುಡುಗಿಯರ ನಂಬರ್ ಹಾಕಿದ ತಟ್ಟೆಗಳು ಕಡಪಾ ಕಲ್ಲಿನ ಮೇಲೆ ಬೋರಲಾಗಿ ಸಾಲುಗಟ್ಟಿರುತ್ತಿದ್ದವು. ಊಟ ಮುಗಿದ ಮೇಲೂ ಕದಲದ ತಟ್ಟೆ ಯಾರದೆಂದು ನೋಡಿ, ಅವಳ ಕೋಣೆಯ ಬಾಗಿಲು ಬಡಿಯುತ್ತಿದ್ದರು. ಜ್ವರ, ಜಗಳ, ಮನೆಯ ನೆನಪು, ಎಲ್ಲವೂ ವಾರ್ಡನ್ನರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಮಗಳೆಂದು ನನಗೆ ರಿಯಾಯಿತಿ ಇರಲಿಲ್ಲ. ಪಾಳಿಯಲ್ಲಿ ಕೊನೆಗೆ ನಿಲ್ಲಿಸುತ್ತಿದ್ದರು. ಕೊನೆಯ ರೊಟ್ಟಿ ಸಾಮಾನ್ಯವಾಗಿ ಸೀದಿರುತ್ತಿತ್ತು.

ಅವರು ತಪ್ಪೇ ಮಾಡಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ನನ್ನ ಜೊತೆ ದ್ವಿತೀಯ ಪಿಯುಸಿ ಓದುತ್ತಿದ್ದ ಆನಗೋಡಿನ ಚೌಡೇಶ್ವರಿಯ ತಂದೆ ಲಿಂಗಣ್ಣ, ಪರೀಕ್ಷೆಗೆ ಇಪ್ಪತ್ತು ದಿನವಿದ್ದಾಗ ಬಂದು, "ಮಗಳು ಹೆಂಗದಾಳ?" ಎಂದು ಕೇಳಿದರು.

"ಉಣ್ಣಾದೇ ಇಲ್ರಿ, ಪುಸ್ತಕ ಹಿಡ್ಕಂಡು ಕುಂತ್‌ಬಿಡ್ತಾಳ" ಎಂದರು ಅವ್ವ.

ಕಾಳಜಿಯಿಂದ ಹೇಳಿದ ಮಾತು. ಲಿಂಗಣ್ಣ ಮಾತ್ರ ಓದಿದ್ದು ಸಾಕೆಂದು ಅಂದೇ ಮಗಳನ್ನು ಊರಿಗೆ ಕರೆದೊಯ್ದರು.

ಎರಡು ಹೊತ್ತು ಅವಳ ನಲವತ್ತೊಂದನೇ ನಂಬರಿನ ತಟ್ಟೆ ಕದಲಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪಿಟ್ಟು ಬಡಿಸಿ ಮುಗಿಸಿದ ಅವ್ವ ಆ ತಟ್ಟೆಯನ್ನು ಕೈಚೀಲಕ್ಕೆ ಹಾಕಿಕೊಂಡು ಆನಗೋಡಿನ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಚೌಡೇಶ್ವರಿಯೇ ನನಗೆ ಹೇಳಿದ್ದಾಳೆ.

"ತಟ್ಟೆ ಕೊಡಾಕ ಇಷ್ಟು ದೂರ ಬಂದ್ಯೇನವ್ವ?" ಎಂದರಂತೆ ಲಿಂಗಣ್ಣ.

"ಕೊಡಾಕಲ್ರಿ, ಇದು ಯಾರದೋ ಅವ್ಳನ್ನ ಕರ್ಕಂಡು ಹೋಗಾಕ. ತಪ್ಪು ನಂದು, ನನ್ ಬಾಯಿ ಸುಮ್ನಿರಲಿಲ್ಲ. ಪರೀಕ್ಷೆ ಮುಗಿಯೋತನಕ ಎದುರಿಗೆ ಕುಂದ್ರಿಸ್ಕಂಡು ಉಣ್ಣುಸ್ತೀನಿ. ಒಂದು ಹೊತ್ತು ಬಿಟ್ಲಂದ್ರ ನೀವೇ ಬಂದು ಕರ್ಕಂಡು ಹೋಗ್ರಿ."

"ನಿನ್ನ ಮಗಳನ್ನೂ ಹಿಂಗೇ ನೋಡ್ಕಂತೀಯೇನು?"

"ಅದಕ್ಕೇನ್ರಿ, ಕರೀದಿದ್ರೂ ಬಂದು ಉಣ್ತೈತೆ."

ಮಧ್ಯಾಹ್ನದ ಬಸ್ಸಿಗೆ ಅವ್ವ, ಚೌಡೇಶ್ವರಿ ಇಬ್ಬರೂ ಬಂದರು. ಪರೀಕ್ಷೆ ಮುಗಿಯುವವರೆಗೂ ಅವಳು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬಿಸಿ ರೊಟ್ಟಿ ಉಂಡಳು. ನನ್ನ ಜಾಗ ಪಾಳಿಯ ಕೊನೆಯಲ್ಲೇ ಇತ್ತು. ಹೊಟ್ಟೆಕಿಚ್ಚಾಗಿದ್ದು ನಿಜ. ಈಗ ಅವಳು ಹರಿಹರದ ಶಾಲೆಯೊಂದರಲ್ಲಿ ಶಿಕ್ಷಕಿ. ಈ ಸಂಪುಟದ ಸಂಪಾದಕಿಯೂ ಅವಳೇ.

ನಿವೃತ್ತಿಯ ದಿನ ಹಳಬರೆಲ್ಲ ಸೇರಿ ಹಾಸ್ಟೆಲಿನ ಅದೇ ಊಟದ ಕೋಣೆಯಲ್ಲಿ ಉಂಡೆವು. ಬಡಿಸಿದ್ದು ಅವ್ವನೇ, ಯಾರ ಮಾತೂ ಕೇಳಲಿಲ್ಲ. ನಾವು ಕೈ ತೊಳೆದ ಮೇಲೂ ಕಲ್ಲಿನ ತುದಿಯಲ್ಲಿ ನಂಬರಿಲ್ಲದ ತಟ್ಟೆಯೊಂದು ಬೋರಲಾಗಿಯೇ ಇತ್ತು. ಅದು ಅವ್ವನದು. ಐದು ವರ್ಷದಲ್ಲಿ ಒಮ್ಮೆಯೂ ನಾನದನ್ನು ಗಮನಿಸಿರಲಿಲ್ಲ. ಚೌಡೇಶ್ವರಿ ಗಮನಿಸಿದಳು. ಎತ್ತಿ, ಬಡಿಸಿ, ಸ್ಟೂಲು ಎಳೆದು, "ಕುಂದ್ರು ಕರಿಯಕ್ಕ. ಒಂದು ಹೊತ್ತು ಬಿಟ್ಯಂದ್ರ ನಮ್ಮನಿಗೆ ಕರ್ಕಂಡು ಹೋಗ್ತೀನಿ" ಎಂದಳು.

ಅವ್ವ ಕುಳಿತರು.

ಅವರು ಬಹುಕಾಲ ಬಾಳಲಿ. ರೊಟ್ಟಿ ಮಾಡುವುದನ್ನು ಹೇಗೂ ಬಿಡುವವರಲ್ಲ, ಮಾಡಲಿ. ಮೊದಲನೆಯದನ್ನು ಅವರೇ ಉಣ್ಣಲಿ. ಕೊನೆಯದು ನನಗಿರಲಿ, ರೂಢಿಯಾಗಿದೆ.